ಎರಡು ಟ್ಯಾಂಕ್, ಒಂದೇ ಎಂಜಿನ್: ಹಳೆಯ ಗ್ಯಾಸ್ ಗಾಡಿ ಕೈಕೊಟ್ಟಾಗ ದೋಷ ಹುಡುಕುವುದು ಹೇಗೆ?



ನಮ್ಮ ಕಡೆ ಅನೇಕ ಮನೆಗಳ ಅನ್ನ ಗೂಡ್ಸ್ ಗಾಡಿಯ ಮೇಲೆ ನಿಂತಿದೆ. ಮದ್ದೂರಿನ ಮಾರುಕಟ್ಟೆಗೆ ಎಳನೀರು, ರಾಮನಗರಕ್ಕೆ ರೇಷ್ಮೆಗೂಡು, ಆಲೆಮನೆಯಿಂದ ಬೆಲ್ಲ, ಸಂತೆಗೆ ಹಣ್ಣು ತರಕಾರಿ, ಮದುವೆ ಮನೆಗೆ ಪಾತ್ರೆ ಶಾಮಿಯಾನ, ಎಲ್ಲವೂ ಇಂಥ ಚಿಕ್ಕ ಗಾಡಿಗಳಲ್ಲೇ ಹೋಗುತ್ತವೆ. ನಮ್ಮ ಸಹಪಾಠಿಗಳಲ್ಲಿ ಎಷ್ಟೋ ಜನರ ಅಬ್ಬಾ, ಅಣ್ಣ, ಮಾಮ ಗಾಡಿ ಓಡಿಸುವವರು ಅಥವಾ ಗ್ಯಾರೇಜಿನಲ್ಲಿ ಕೆಲಸ ಮಾಡುವವರು. ಗಾಡಿ ಒಂದು ದಿನ ನಿಂತರೆ ಆ ದಿನದ ಬಾಡಿಗೆ ಹೋಯಿತು. ಎಲ್ಲಿ ಕೆಟ್ಟಿದೆ ಎಂದು ತಿಳಿಯದೆ ಒಂದಾದ ಮೇಲೊಂದು ಪಾರ್ಟ್ ಬದಲಾಯಿಸುತ್ತಾ ಹೋದರೆ ತಿಂಗಳ ಸಂಪಾದನೆಯೇ ಹೋಗುತ್ತದೆ.

ಹಳೆಯ ಗಾಡಿಗಳಲ್ಲಿ ಹೆಚ್ಚು ಗೊಂದಲ ಹುಟ್ಟಿಸುವುದು ಎರಡು ಇಂಧನದ ಗಾಡಿ. ಒಂದು ಕಡೆ ಪೆಟ್ರೋಲ್ ಟ್ಯಾಂಕ್, ಇನ್ನೊಂದು ಕಡೆ ಗ್ಯಾಸ್ ಸಿಲಿಂಡರ್, ನಡುವೆ ಒಂದು ಸ್ವಿಚ್. ಆದರೆ ಸರಿಯಾಗಿ ಯೋಚಿಸಿದರೆ ಇಂಥ ಗಾಡಿಯಲ್ಲೇ ದೋಷ ಹುಡುಕುವುದು ಸುಲಭ. ಕಾರಣವೇನೆಂದು ಈ ಲೇಖನದಲ್ಲಿ ನೋಡೋಣ. ಪಿಯುಸಿಯ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರದಲ್ಲಿ ಓದಿದ ಕೆಲವು ಪಾಠಗಳು ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತವೆ.

ಯಾವ ಗಾಡಿಗಳು?

ರಸ್ತೆಯಲ್ಲಿ ಕಾಣುವ ಹಳೆಯ ಟಾಟಾ ಏಸ್ ಗಾಡಿಗಳಲ್ಲಿ ಬಹುಪಾಲು ಡೀಸೆಲ್ ಗಾಡಿಗಳು. ಅವುಗಳಿಗೆ ಈ ಮಾತು ಅನ್ವಯಿಸುವುದಿಲ್ಲ. ನಾವು ಹೇಳುತ್ತಿರುವುದು ಪೆಟ್ರೋಲ್ ಎಂಜಿನ್‌ಗೆ ಗ್ಯಾಸ್ ಜೋಡಿಸಿದ ಗಾಡಿಗಳ ಬಗ್ಗೆ. 2019ರಲ್ಲಿ ಉತ್ಪಾದನೆ ನಿಂತ ಮಾರುತಿ ಓಮ್ನಿಗಳು ಎಲ್‌ಪಿಜಿ ಕಿಟ್‌ನೊಂದಿಗೆ ಇನ್ನೂ ಓಡುತ್ತಿವೆ. ಮಾರುತಿ ಸೂಪರ್ ಕ್ಯಾರಿಯ ಸಿಎನ್‌ಜಿ ಮಾದರಿಯಲ್ಲಿ ಗ್ಯಾಸ್ ಸಿಲಿಂಡರ್ ಜೊತೆಗೆ 5 ಲೀಟರಿನ ಪುಟ್ಟ ಪೆಟ್ರೋಲ್ ಟ್ಯಾಂಕ್ ಇದೆ. ಹೊರಗಡೆ ಕಿಟ್ ಹಾಕಿಸಿದ ವ್ಯಾನುಗಳು, ಆಟೋಗಳು ಬೇರೆ. ಹೆಸರು ಯಾವುದೇ ಇರಲಿ, ಒಳಗಿನ ತತ್ವ ಒಂದೇ.

ನಾಲೆ ಬದಿಯ ಪಂಪ್‌ಸೆಟ್ ಹೇಳುವ ಪಾಠ

ಎರಡು ಟ್ಯಾಂಕ್ ನಮ್ಮ ರೈತರಿಗೆ ಹೊಸದಲ್ಲ. ವಿ.ಸಿ. ನಾಲೆಯ ಬದಿಯ ಗದ್ದೆಗಳಲ್ಲಿ ಬಳಸುವ ಚಿಕ್ಕ ಸೀಮೆಎಣ್ಣೆ ಪಂಪ್‌ಸೆಟ್ ನೋಡಿದವರಿಗೆ ಗೊತ್ತು: ಅದಕ್ಕೊಂದು ಪುಟ್ಟ ಪೆಟ್ರೋಲ್ ಟ್ಯಾಂಕ್, ಒಂದು ದೊಡ್ಡ ಸೀಮೆಎಣ್ಣೆ ಟ್ಯಾಂಕ್, ನಡುವೆ ತಿರುಗಿಸುವ ಕಾಕ್. ತಣ್ಣಗಿರುವ ಎಂಜಿನ್‌ನಲ್ಲಿ ಸೀಮೆಎಣ್ಣೆ ಬೇಗ ಆವಿಯಾಗುವುದಿಲ್ಲ. ಆವಿಯಾಗದಿದ್ದರೆ ಕಿಡಿಗೆ ಹತ್ತಿಕೊಳ್ಳುವುದಿಲ್ಲ. ಆದ್ದರಿಂದ ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತಾರೆ. ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ತಿರುಗಿಸಿ ಸ್ವಲ್ಪ ಹೊತ್ತು ಓಡಿಸಿದರೆ ಕಾರ್ಬೊರೇಟರಿನ ಬಟ್ಟಲಲ್ಲಿ ಉಳಿದ ಸೀಮೆಎಣ್ಣೆ ಖಾಲಿಯಾಗುತ್ತದೆ. ಇದನ್ನು ಮರೆತರೆ ಮಾರನೆಯ ಬೆಳಿಗ್ಗೆ ಎಷ್ಟು ಹಗ್ಗ ಎಳೆದರೂ ಎಂಜಿನ್ ಏಳುವುದಿಲ್ಲ. ಆಗ ಎಂಜಿನ್ ಕೆಟ್ಟಿದೆ ಎಂದು ಬಿಚ್ಚಿದರೆ ಏನೂ ಸಿಗುವುದಿಲ್ಲ, ಏಕೆಂದರೆ ತಪ್ಪು ಇರುವುದು ಬಟ್ಟಲಲ್ಲಿ ನಿಂತಿರುವ ಇಂಧನದಲ್ಲಿ.

ಇಲ್ಲಿಂದ ಎರಡು ವಿಷಯ ಕಲಿಯಬಹುದು. ಒಂದು, ಎರಡು ಇಂಧನಗಳ ಗುಣ ಬೇರೆ ಬೇರೆ. ಒಂದಕ್ಕೆ ಸರಿಹೋಗುವ ಸ್ಥಿತಿ ಇನ್ನೊಂದಕ್ಕೆ ಸರಿಹೋಗದಿರಬಹುದು. ಇನ್ನೊಂದು, ತೊಂದರೆ ಹೆಚ್ಚಾಗಿ ಕಾಣಿಸುವುದು ಒಂದರಿಂದ ಇನ್ನೊಂದಕ್ಕೆ ಬದಲಾಗುವ ಜಾಗದಲ್ಲಿ.

ಗಾಡಿಯನ್ನು ಮನಸ್ಸಿನಲ್ಲೇ ಮೂರು ಭಾಗ ಮಾಡಿ

1. ಪೆಟ್ರೋಲ್ ಭಾಗ: ಟ್ಯಾಂಕ್, ಪಂಪ್, ಫಿಲ್ಟರ್, ಪೈಪು, ಕಾರ್ಬೊರೇಟರ್ ಅಥವಾ ಪೆಟ್ರೋಲ್ ಇಂಜೆಕ್ಟರ್.

2. ಗ್ಯಾಸ್ ಭಾಗ: ಸಿಲಿಂಡರ್, ಅದರ ಕೈವಾಲ್ವ್, ಉಕ್ಕಿನ ಪೈಪು, ಸೊಲೆನಾಯ್ಡ್ ವಾಲ್ವ್ (ಕರೆಂಟ್ ಕೊಟ್ಟಾಗ ತೆರೆಯುವ ಬಾಗಿಲು), ಒತ್ತಡ ಇಳಿಸುವ ರೆಗ್ಯುಲೇಟರ್, ಫಿಲ್ಟರ್, ಮಿಕ್ಸರ್ ಅಥವಾ ಗ್ಯಾಸ್ ಇಂಜೆಕ್ಟರ್.

3. ಎರಡಕ್ಕೂ ಸೇರಿದ ಭಾಗ: ಬ್ಯಾಟರಿ, ಸೆಲ್ಫ್ ಮೋಟಾರ್, ಸ್ಪಾರ್ಕ್ ಪ್ಲಗ್, ಕಾಯಿಲ್, ಏರ್ ಫಿಲ್ಟರ್, ವಾಲ್ವ್‌ಗಳು, ಪಿಸ್ಟನ್ ರಿಂಗ್, ಸೈಲೆನ್ಸರ್. ಜೊತೆಗೆ ಇಂಧನ ಬದಲಾಯಿಸುವ ಸ್ವಿಚ್ ಮತ್ತು ಅದರ ವೈರಿಂಗ್.

ಒಂದೇ ಇಂಧನದ ಗಾಡಿ ನಿಂತರೆ ಮೆಕ್ಯಾನಿಕ್ ಎಲ್ಲವನ್ನೂ ಅನುಮಾನಿಸಬೇಕು. ಎರಡು ಇಂಧನದ ಗಾಡಿಯಲ್ಲಿ ಹಾಗಲ್ಲ. ಪ್ರಯೋಗಾಲಯದಲ್ಲಿ ಒಂದು ಅಂಶವನ್ನು ಮಾತ್ರ ಬದಲಾಯಿಸಿ ಉಳಿದದ್ದನ್ನು ಹಾಗೆಯೇ ಇಟ್ಟು ಫಲಿತಾಂಶ ನೋಡುತ್ತೇವಲ್ಲವೇ? ಇಲ್ಲಿ ಡ್ಯಾಶ್‌ಬೋರ್ಡಿನ ಸ್ವಿಚ್ ಒತ್ತಿದರೆ ಅದೇ ಪ್ರಯೋಗ ಆಗುತ್ತದೆ. ಎಂಜಿನ್ ಅದೇ, ಕಿಡಿ ಅದೇ, ಗಾಳಿ ಅದೇ. ಬದಲಾಗುವುದು ಇಂಧನ ಮಾತ್ರ.

ಮೊದಲ ಪರೀಕ್ಷೆ: ಬದಲಾಯಿಸಿ ನೋಡುವುದು

ಗಾಡಿಯನ್ನು ಬಯಲಿನಲ್ಲಿ ನಿಲ್ಲಿಸಿ, ಗ್ಯಾಸ್ ವಾಸನೆ ಇಲ್ಲವೆಂದು ಖಚಿತಪಡಿಸಿಕೊಂಡು, ಎರಡೂ ಇಂಧನದಲ್ಲಿ ಓಡಿಸಿ ನೋಡಿ. ಮೂರು ಫಲಿತಾಂಶಗಳು ಸಾಧ್ಯ.

ಗ್ಯಾಸ್‌ನಲ್ಲಿ ಚೆನ್ನಾಗಿದೆ, ಪೆಟ್ರೋಲ್‌ನಲ್ಲಿ ಇಲ್ಲ ಎಂದರೆ ದೋಷ ಪೆಟ್ರೋಲ್ ಭಾಗದಲ್ಲಿದೆ.

ಪೆಟ್ರೋಲ್‌ನಲ್ಲಿ ಚೆನ್ನಾಗಿದೆ, ಗ್ಯಾಸ್‌ನಲ್ಲಿ ಇಲ್ಲ ಎಂದರೆ ದೋಷ ಬಹುತೇಕ ಗ್ಯಾಸ್ ಭಾಗದಲ್ಲಿದೆ. ‘ಬಹುತೇಕ’ ಎಂದದ್ದಕ್ಕೆ ಕಾರಣವಿದೆ, ಮುಂದೆ ಹೇಳುತ್ತೇವೆ.

ಎರಡರಲ್ಲೂ ಒಂದೇ ಬಗೆಯ ತೊಂದರೆ ಎಂದರೆ ಟ್ಯಾಂಕ್‌ಗಳ ತಂಟೆಗೆ ಹೋಗಬೇಡಿ. ಎರಡೂ ಇಂಧನದ ಸಾಲು ಒಂದೇ ದಿನ ಕೆಡುವುದು ಅಪರೂಪ. ಪ್ಲಗ್, ಏರ್ ಫಿಲ್ಟರ್, ಕಂಪ್ರೆಷನ್, ಬ್ಯಾಟರಿ ನೋಡಿ.

ಕಾರ್ಬೊರೇಟರ್ ಇರುವ ಹಳೆಯ ಗಾಡಿಗಳಲ್ಲಿ ಬದಲಾಯಿಸುವ ಕ್ರಮ ಮುಖ್ಯ. ಸ್ವಿಚ್‌ಗೆ ಮೂರು ಸ್ಥಾನ: ಪೆಟ್ರೋಲ್, ನಡುವೆ ಖಾಲಿ, ಗ್ಯಾಸ್. ಪೆಟ್ರೋಲ್‌ನಿಂದ ನೇರವಾಗಿ ಗ್ಯಾಸ್‌ಗೆ ಹಾಕಿದರೆ ಬಟ್ಟಲಲ್ಲಿ ಉಳಿದ ಪೆಟ್ರೋಲ್ ಮತ್ತು ಗ್ಯಾಸ್ ಎರಡೂ ಒಟ್ಟಿಗೆ ಒಳಗೆ ಹೋಗುತ್ತವೆ. ಇಂಧನ ಹೆಚ್ಚಾಗಿ ಗಾಳಿ ಸಾಲದೆ ಎಂಜಿನ್ ಜರ್ಕ್ ಹೊಡೆದು ನಿಲ್ಲುತ್ತದೆ. ನಡುವಿನ ಸ್ಥಾನದಲ್ಲಿಟ್ಟು, ಬಟ್ಟಲು ಖಾಲಿಯಾಗಿ ಎಂಜಿನ್ ತಡವರಿಸಲು ಆರಂಭಿಸಿದಾಗ ಗ್ಯಾಸ್‌ಗೆ ಹಾಕಬೇಕು. ಗ್ಯಾಸ್‌ನಿಂದ ಪೆಟ್ರೋಲ್‌ಗೆ ಬಂದಾಗ ಖಾಲಿ ಬಟ್ಟಲು ತುಂಬುವವರೆಗೆ ಎಂಜಿನ್ ನಿಂತುಹೋಗಬಹುದು; ಅದು ದೋಷವಲ್ಲ. ಅದಕ್ಕೇ ಈ ಪರೀಕ್ಷೆಯನ್ನು ಬೆಂಗಳೂರು–ಮೈಸೂರು ಹೆದ್ದಾರಿಯಂಥ ಓಡುವ ರಸ್ತೆಯಲ್ಲಿ ಮಾಡಬಾರದು.

ಪೆಟ್ರೋಲ್‌ನಲ್ಲಿ ಮಾತ್ರ ತೊಂದರೆ ಇದ್ದರೆ

ಗ್ಯಾಸ್ ಅಗ್ಗವೆಂದು ಪೆಟ್ರೋಲನ್ನು ತಿಂಗಳುಗಟ್ಟಲೆ ಮುಟ್ಟದಿರುವುದೇ ಈ ತೊಂದರೆಯ ಮೂಲ. ಟ್ಯಾಂಕಿನ ತಳದಲ್ಲಿ ಒಂದು ಲೀಟರ್ ಹಳೆಯ ಪೆಟ್ರೋಲ್ ಉಳಿದಿರುತ್ತದೆ. ಅದರ ಹಗುರವಾದ ಅಂಶಗಳು ಆವಿಯಾಗಿ ಹೋಗಿ, ಉಳಿದದ್ದು ಅಂಟಾಗುತ್ತದೆ. ಆ ಅಂಟು ಕಾರ್ಬೊರೇಟರಿನ ಜೆಟ್ ಅಥವಾ ಇಂಜೆಕ್ಟರಿನ ಸಣ್ಣ ರಂಧ್ರ ಮುಚ್ಚುತ್ತದೆ.

ಇದಕ್ಕೆ ಇನ್ನೊಂದು ಕಾರಣವೂ ಸೇರಿದೆ. ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಕಬ್ಬಿನ ಮೊಲಾಸಸ್‌ನಿಂದ ಎಥನಾಲ್ ತಯಾರಾಗುತ್ತದೆಂದು ಸಕ್ಕರೆ ನಾಡಿನವರಾದ ನಮಗೆ ಹೇಳಬೇಕಾಗಿಲ್ಲ. ಮಂಡ್ಯದ ಮೈಷುಗರ್ ಕಾರ್ಖಾನೆ 1933ರಿಂದ ಇಲ್ಲಿದೆ. ಎಥನಾಲ್ ಅಣುವಿನಲ್ಲಿರುವ ಹೈಡ್ರಾಕ್ಸಿಲ್ ಗುಂಪು ನೀರಿನೊಂದಿಗೆ ಹೈಡ್ರೋಜನ್ ಬಂಧ ಬೆಳೆಸುತ್ತದೆ ಎಂದು ರಸಾಯನಶಾಸ್ತ್ರದಲ್ಲಿ ಓದಿದ್ದೇವೆ. ಆದ್ದರಿಂದ ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಒಂದು ಮಿತಿಯವರೆಗೆ ನೀರು ಕರಗಿರುತ್ತದೆ. ಮಿತಿ ಮೀರಿದರೆ ನೀರು ಮತ್ತು ಎಥನಾಲ್ ಒಟ್ಟಾಗಿ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಪಂಪ್ ಹೀರುವುದು ತಳದಿಂದಲೇ. ಮುಕ್ಕಾಲು ಖಾಲಿ ಇರುವ, ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಟ್ಯಾಂಕಿನಲ್ಲಿ ಹೀಗಾಗುವ ಸಂಭವ ಹೆಚ್ಚು. ಅನುಮಾನವಿದ್ದರೆ ಮೆಕ್ಯಾನಿಕ್ ಬಳಿ ಟ್ಯಾಂಕಿನ ತಳದ ಪೆಟ್ರೋಲನ್ನು ಸ್ವಲ್ಪ ಗಾಜಿನ ಸೀಸೆಗೆ ತೆಗೆಸಿ, ಅಲುಗಾಡಿಸದೆ ಇಟ್ಟು ನೋಡಿ. ಎರಡು ಪದರ ಕಂಡರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಒಣಗಿಸುವುದೇ ದಾರಿ. ಮೇಲೆ ಹೊಸ ಪೆಟ್ರೋಲ್ ಸುರಿದರೆ ಸರಿಹೋಗುವುದಿಲ್ಲ.

ಇಂಜೆಕ್ಷನ್ ಗಾಡಿಗಳಲ್ಲಿ ಪೆಟ್ರೋಲ್ ಪಂಪ್ ಟ್ಯಾಂಕಿನ ಒಳಗೇ ಮುಳುಗಿರುತ್ತದೆ. ಕೀ ಆನ್ ಮಾಡಿದ ತಕ್ಷಣ ಒಂದೆರಡು ಸೆಕೆಂಡ್ ‘ಗುಂಯ್’ ಎಂಬ ಸದ್ದು ಕೇಳಬೇಕು. ಕೇಳದಿದ್ದರೆ ಮೊದಲು ಫ್ಯೂಸ್, ಆಮೇಲೆ ರಿಲೇ, ಆಮೇಲೆ ವೈರು, ಕೊನೆಗೆ ಪಂಪ್ ನೋಡಬೇಕು. ಕ್ರಮ ತಿರುಗಿಸಿದರೆ ಅಗ್ಗದ ಫ್ಯೂಸಿಗಾಗಿ ದುಬಾರಿ ಪಂಪ್ ಹಾಕಿಸಿದಂತಾಗುತ್ತದೆ.

ಇಲ್ಲಿ ಗಾಡಿ ಓಡಿಸುವವರು ತಿಳಿಯಲೇಬೇಕಾದ ಒಂದು ಅಂಶವಿದೆ. ಹೊರಗೆ ಹಾಕಿಸಿದ ಎಷ್ಟೋ ಕಿಟ್‌ಗಳಲ್ಲಿ ಗಾಡಿ ಗ್ಯಾಸ್‌ನಲ್ಲಿ ಓಡುವಾಗಲೂ ಪೆಟ್ರೋಲ್ ಪಂಪ್ ತಿರುಗುತ್ತಲೇ ಇರುತ್ತದೆ. ಪಂಪನ್ನು ತಂಪಾಗಿಡುವುದು ಅದರ ಸುತ್ತಲಿನ ಪೆಟ್ರೋಲ್. ‘ಹೇಗೂ ಗ್ಯಾಸ್‌ನಲ್ಲೇ ಓಡುತ್ತೇನೆ’ ಎಂದು ಟ್ಯಾಂಕ್ ಒಣಗಿಸಿದರೆ ಪಂಪ್ ಕಾದು ಸುಟ್ಟುಹೋಗುತ್ತದೆ. ಟ್ಯಾಂಕಿನಲ್ಲಿ ಕಾಲು ಭಾಗವಾದರೂ ಪೆಟ್ರೋಲ್ ಇರಲಿ. ವಾರಕ್ಕೊಮ್ಮೆ ಕೆಲವು ಕಿಲೋಮೀಟರ್ ಪೆಟ್ರೋಲ್‌ನಲ್ಲೇ ಓಡಿಸಿ.

ಗ್ಯಾಸ್‌ನಲ್ಲಿ ಮಾತ್ರ ತೊಂದರೆ ಇದ್ದರೆ

ಮೊದಲು ಸುಲಭದ್ದು. ಸಿಲಿಂಡರಿನ ಕೈವಾಲ್ವ್ ಪೂರ್ತಿ ತೆರೆದಿದೆಯೇ? ರಿಪೇರಿಗೆಂದು ಮುಚ್ಚಿ ತೆರೆಯಲು ಮರೆತ ಉದಾಹರಣೆಗಳು ಗ್ಯಾರೇಜುಗಳಲ್ಲಿ ಹೇರಳ. ಗೇಜಿನಲ್ಲಿ ಒತ್ತಡವಿದೆಯೇ? ಗ್ಯಾಸ್‌ಗೆ ಬದಲಾದಾಗ ಸೊಲೆನಾಯ್ಡ್‌ನಿಂದ ‘ಟಿಕ್’ ಸದ್ದು ಬರುತ್ತದೆಯೇ? ಸದ್ದಿಲ್ಲವೆಂದರೆ ಕರೆಂಟ್ ತಲುಪುತ್ತಿಲ್ಲ ಅಥವಾ ಸೊಲೆನಾಯ್ಡ್ ಕೆಟ್ಟಿದೆ.

ಹೊಸ ಬಗೆಯ ಅನೇಕ ಕಿಟ್‌ಗಳು ಪೆಟ್ರೋಲ್‌ನಲ್ಲೇ ಸ್ಟಾರ್ಟ್ ಆಗಿ, ಎಂಜಿನ್ ಬಿಸಿಯಾದ ಮೇಲೆ ತಾವಾಗಿ ಗ್ಯಾಸ್‌ಗೆ ಬದಲಾಗುತ್ತವೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಗ್ಯಾಸ್‌ಗೆ ಹೋಗಲಿಲ್ಲವೆಂದರೆ ದೋಷವಲ್ಲ. ಎಷ್ಟು ಬಿಸಿಯಾದರೂ ಹೋಗದಿದ್ದರೆ ಉಷ್ಣತೆ ತಿಳಿಸುವ ಸೆನ್ಸರ್ ನೋಡಬೇಕು.

ಇನ್ನೊಂದು ಸಾಮಾನ್ಯ ತೊಂದರೆ: ಗಾಡಿ ಸ್ವಲ್ಪ ದೂರ ಗ್ಯಾಸ್‌ನಲ್ಲಿ ಚೆನ್ನಾಗಿ ಓಡಿ, ಆಮೇಲೆ ಮುಗ್ಗರಿಸುತ್ತದೆ, ಬಾನೆಟ್ ತೆರೆದು ನೋಡಿದರೆ ರೆಗ್ಯುಲೇಟರ್ ಮೇಲೆ ಮಂಜು ಕಟ್ಟಿದೆ. ಬಿಸಿಲಿನಲ್ಲಿ ಮಂಜು ಹೇಗೆ? ಸಿಎನ್‌ಜಿಯನ್ನು 200 ಬಾರ್ ಒತ್ತಡದಲ್ಲಿ ತುಂಬಿರುತ್ತಾರೆ. ಕಾರಿನ ಟೈರಿನ ಗಾಳಿ ಸುಮಾರು 2 ಬಾರ್. ಅದರ ನೂರು ಪಟ್ಟು ಎಂದು ಊಹಿಸಿಕೊಳ್ಳಿ. ಆ ಗ್ಯಾಸ್ ರೆಗ್ಯುಲೇಟರಿನಲ್ಲಿ ಒಮ್ಮೆಲೇ ಕೆಲವೇ ಬಾರ್‌ಗೆ ಇಳಿದಾಗ ತಣ್ಣಗಾಗುತ್ತದೆ. ಎಲ್‌ಪಿಜಿಯಲ್ಲಿ ಕಾರಣ ಬೇರೆ: ಅದು ಟ್ಯಾಂಕಿನಲ್ಲಿ ದ್ರವವಾಗಿದ್ದು, ಆವಿಯಾಗುವಾಗ ಸುತ್ತಲಿನ ಶಾಖವನ್ನು ಗುಪ್ತೋಷ್ಣವಾಗಿ ಹೀರಿಕೊಳ್ಳುತ್ತದೆ. ಎರಡೂ ಸಂದರ್ಭದಲ್ಲಿ ಈ ಚಳಿಯನ್ನು ತಡೆಯಲು ರೇಡಿಯೇಟರಿನ ಬಿಸಿ ನೀರನ್ನು ಎರಡು ರಬ್ಬರ್ ಪೈಪುಗಳ ಮೂಲಕ ರೆಗ್ಯುಲೇಟರ್ ಸುತ್ತ ಹರಿಸಿರುತ್ತಾರೆ. ನೀರು ಕಡಿಮೆಯಾದರೆ, ಏರ್ ಲಾಕ್ ಆದರೆ ಅಥವಾ ಪೈಪು ಮಡಚಿಕೊಂಡರೆ ಶಾಖ ಬರುವುದಿಲ್ಲ. ಎಂಜಿನ್ ಬಿಸಿಯಾದ ಮೇಲೆ ಎರಡೂ ಪೈಪನ್ನು ಎಚ್ಚರಿಕೆಯಿಂದ ಮುಟ್ಟಿ ನೋಡಿ. ಒಂದು ಬಿಸಿ ಇನ್ನೊಂದು ತಣ್ಣಗಿದ್ದರೆ ನೀರು ಹರಿಯುತ್ತಿಲ್ಲ. ಇಷ್ಟಕ್ಕೇ ರೆಗ್ಯುಲೇಟರ್ ಬದಲಾಯಿಸಿದರೆ ಹಣ ದಂಡ. ಮಾರನೆಯ ದಿನ ಹೊಸದೂ ಮಂಜು ಕಟ್ಟುತ್ತದೆ. ರೇಡಿಯೇಟರ್ ಮುಚ್ಚಳವನ್ನು ಮಾತ್ರ ಬಿಸಿ ಇರುವಾಗ ತೆರೆಯಬೇಡಿ.

ಸಿಎನ್‌ಜಿ ಜೊತೆ ಬಂಕಿನ ಕಂಪ್ರೆಸರ್ ಎಣ್ಣೆಯೂ ಸ್ವಲ್ಪ ಸ್ವಲ್ಪ ಬರುತ್ತದೆ. ವರ್ಷಗಳಲ್ಲಿ ಅದು ಫಿಲ್ಟರ್ ಮತ್ತು ಇಂಜೆಕ್ಟರ್‌ನಲ್ಲಿ ಜಮೆಯಾಗಿ ಗ್ಯಾಸ್ ಹರಿಯುವುದನ್ನು ತಡೆಯುತ್ತದೆ. ಲೋಡ್ ಇಲ್ಲದಾಗ ಸರಿ, ಲೋಡ್ ಹಾಕಿ ದಿಬ್ಬ ಹತ್ತುವಾಗ ಉಸಿರು ಕಟ್ಟಿದಂತೆ ಆಗುವುದು ಇದರ ಗುರುತು. ಈ ಭಾಗವನ್ನು ಬಿಚ್ಚುವುದು ಅನುಮತಿ ಪಡೆದ ಗ್ಯಾಸ್ ಮೆಕ್ಯಾನಿಕ್ ಕೆಲಸ. 200 ಬಾರ್ ಒತ್ತಡದ ಫಿಟ್ಟಿಂಗಿಗೆ ಸ್ಪ್ಯಾನರ್ ಹಾಕಿ ಪ್ರಯೋಗ ಮಾಡಬಾರದು.

ನಿಯಮಕ್ಕೊಂದು ಅಪವಾದ: ಕಿಡಿ

ಗ್ಯಾಸ್‌ನಲ್ಲಿ ಮಾತ್ರ ತೊಂದರೆ ಕಂಡರೂ ದೋಷ ಎರಡಕ್ಕೂ ಸೇರಿದ ಭಾಗದಲ್ಲಿರುವ ಒಂದು ಸಂದರ್ಭವಿದೆ. ಸಿಎನ್‌ಜಿ ಮತ್ತು ಗಾಳಿಯ ಮಿಶ್ರಣಕ್ಕೆ ಕಿಡಿ ಹೊತ್ತಿಸಲು ಪೆಟ್ರೋಲ್‌ಗಿಂತ ಹೆಚ್ಚು ವೋಲ್ಟೇಜ್ ಬೇಕು. ಪ್ಲಗ್ ಸವೆದು ಅದರ ಗ್ಯಾಪ್ ಹೆಚ್ಚಾಗಿದ್ದರೆ, ಪ್ಲಗ್ ವೈರು ಬಿರುಕು ಬಿಟ್ಟಿದ್ದರೆ ಪೆಟ್ರೋಲ್‌ನಲ್ಲಿ ಹೇಗೋ ನಡೆಯುತ್ತದೆ, ಗ್ಯಾಸ್‌ನಲ್ಲಿ ಮಿಸ್ ಹೊಡೆಯುತ್ತದೆ. ಕಾಯಿಲೆ ಕಿಡಿಯಲ್ಲಿ, ಬೈಗುಳ ಗ್ಯಾಸ್ ಕಿಟ್‌ಗೆ! ಆದ್ದರಿಂದ ಗ್ಯಾಸ್ ಭಾಗದ ದುಬಾರಿ ಸಾಮಾನುಗಳನ್ನು ಬದಲಾಯಿಸುವ ಮುನ್ನ ಪ್ಲಗ್‌ಗಳನ್ನು ತೆಗೆದು ನೋಡಿ. ಗ್ಯಾಪ್ ಎಷ್ಟಿರಬೇಕೆಂದು ಗಾಡಿಯ ಪುಸ್ತಕದಲ್ಲಿ ಇರುತ್ತದೆ.

ಹಳೆಯ ಮಿಕ್ಸರ್ ಬಗೆಯ ಕಿಟ್‌ನಲ್ಲಿ ಏರ್ ಫಿಲ್ಟರ್ ಕೂಡ ಇಂಥದೇ. ಫಿಲ್ಟರ್ ಧೂಳಿನಿಂದ ಮುಚ್ಚಿದರೆ ಎಂಜಿನ್ ಗಾಳಿಯ ಬದಲು ಗ್ಯಾಸನ್ನೇ ಹೆಚ್ಚು ಎಳೆದುಕೊಳ್ಳುತ್ತದೆ. ಕಬ್ಬು ಸಾಗಿಸುವ ದಿನಗಳಲ್ಲಿ ನಮ್ಮ ಮಣ್ಣು ರಸ್ತೆಗಳ ಧೂಳು ಗೊತ್ತೇ ಇದೆ.

ಸ್ವಿಚ್ ಮತ್ತು ಅರ್ಥಿಂಗ್

ಒಮ್ಮೆ ಗ್ಯಾಸ್‌ನಲ್ಲಿ ತೊಂದರೆ, ಒಮ್ಮೆ ಪೆಟ್ರೋಲ್‌ನಲ್ಲಿ, ಒಮ್ಮೆ ಎರಡೂ ಸರಿ. ಗುಂಡಿಗೆ ಇಳಿದಾಗ ನಿಂತು, ಮತ್ತೆ ತಾನಾಗಿ ಸರಿಹೋಗುತ್ತದೆ. ಹೀಗೆ ಕಣ್ಣಾಮುಚ್ಚಾಲೆ ಆಡುವ ದೋಷವಿದ್ದರೆ ವೈರಿಂಗನ್ನು ಅನುಮಾನಿಸಿ. ಹಳೆಯ ಗಾಡಿಯಲ್ಲಿ ಕಿಟ್‌ನ ಅರ್ಥ್ ವೈರನ್ನು ಬಾಡಿಗೆ ಬಿಗಿದ ಜಾಗದಲ್ಲಿ ತುಕ್ಕು ಹಿಡಿದಿರುತ್ತದೆ.

ಓಮ್ ನಿಯಮ ಇಲ್ಲಿ ನೆರವಾಗುತ್ತದೆ. ತುಕ್ಕು ಹಿಡಿದ ಜೋಡಣೆಯ ರೋಧ ಕೇವಲ 0.5 ಓಮ್ ಎಂದಿಟ್ಟುಕೊಳ್ಳಿ. 2 ಆಂಪಿಯರ್ ಹರಿದರೆ ಅಲ್ಲೇ 1 ವೋಲ್ಟ್ ನಷ್ಟ. ಪೆಟ್ರೋಲ್ ಪಂಪ್‌ನಂಥ ಭಾಗ 5 ಆಂಪಿಯರ್ ಎಳೆದರೆ 2.5 ವೋಲ್ಟ್ ನಷ್ಟ. 12 ವೋಲ್ಟ್ ಬ್ಯಾಟರಿ ಇದ್ದರೂ ಪಂಪ್‌ಗೆ ಸಿಗುವುದು ಒಂಬತ್ತೂವರೆ ಮಾತ್ರ. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್‌ಗೆ, ಇನ್ನೊಂದನ್ನು ಆ ಭಾಗದ ಅರ್ಥ್ ತುದಿಗೆ ಇಟ್ಟು, ಅದು ಕೆಲಸ ಮಾಡುತ್ತಿರುವಾಗ ಅಳೆಯಿರಿ. ಸೊನ್ನೆಯ ಹತ್ತಿರವಿರಬೇಕು. ಅರ್ಧ ವೋಲ್ಟ್, ಒಂದು ವೋಲ್ಟ್ ತೋರಿಸಿದರೆ ಆ ಜೋಡಣೆಯನ್ನು ಬಿಚ್ಚಿ, ಉಪ್ಪುಕಾಗದದಿಂದ ಉಜ್ಜಿ, ಮತ್ತೆ ಬಿಗಿಯಿರಿ. ಹೆಚ್ಚು ಖರ್ಚಿಲ್ಲದ ರಿಪೇರಿ ಇದು.

ದೋಷವಲ್ಲದ ಎರಡು ದೋಷಗಳು

‘ಗ್ಯಾಸ್‌ನಲ್ಲಿ ಪಿಕಪ್ ಇಲ್ಲ’ ಎಂಬ ದೂರು ಎಲ್ಲರದೂ. ಇದನ್ನು ಕಾಗದದ ಮೇಲೆ ಲೆಕ್ಕ ಹಾಕಬಹುದು. ಸಿಎನ್‌ಜಿಯ ಮುಖ್ಯ ಅಂಶ ಮೀಥೇನ್. ಒಂದು ಗಾತ್ರ ಮೀಥೇನ್ ಉರಿಯಲು ಎರಡು ಗಾತ್ರ ಆಮ್ಲಜನಕ ಬೇಕು. ಗಾಳಿಯಲ್ಲಿ ಆಮ್ಲಜನಕ ಶೇ. 21. ಅಂದರೆ 2 ಅನ್ನು 0.21ರಿಂದ ಭಾಗಿಸಿದರೆ ಸುಮಾರು 9.5 ಗಾತ್ರ ಗಾಳಿ. ಒಟ್ಟು 10.5 ಗಾತ್ರದಲ್ಲಿ ಒಂದು ಗಾತ್ರ ಗ್ಯಾಸ್. ಅಂದರೆ ಸಿಲಿಂಡರಿನ ಒಳಗೆ ಸುಮಾರು ಹತ್ತನೆಯ ಒಂದು ಭಾಗ ಜಾಗವನ್ನು ಗ್ಯಾಸ್ ಆಕ್ರಮಿಸಿ ಅಷ್ಟು ಗಾಳಿಯನ್ನು ಹೊರಗಿಡುತ್ತದೆ. ಪೆಟ್ರೋಲ್ ಆವಿ ಇದಕ್ಕಿಂತ ಬಹಳ ಕಡಿಮೆ ಜಾಗ ಹಿಡಿಯುತ್ತದೆ. ಆದ್ದರಿಂದ ಗ್ಯಾಸ್‌ನಲ್ಲಿ ಶಕ್ತಿ ಹತ್ತರಲ್ಲಿ ಒಂದು ಭಾಗದಷ್ಟು ಕಡಿಮೆಯಾಗುವುದು ಸಹಜ. ಅದಕ್ಕಿಂತ ಬಹಳ ಹೆಚ್ಚು ಕಡಿಮೆಯಾದರೆ ಮಾತ್ರ ರಿಪೇರಿಯ ಮಾತು.

ಎರಡನೆಯ ದೂರು: ‘ರಾತ್ರಿ 200 ಬಾರ್ ತುಂಬಿಸಿದೆ, ಬೆಳಿಗ್ಗೆ 186 ತೋರಿಸುತ್ತಿದೆ, ಸೋರುತ್ತಿದೆ.’ ತುಂಬುವಾಗ ಗ್ಯಾಸ್ ಬಿಸಿಯಾಗುತ್ತದೆ. ಸಿಲಿಂಡರಿನೊಳಗೆ 50 ಡಿಗ್ರಿ ಸೆಲ್ಸಿಯಸ್, ಅಂದರೆ 323 ಕೆಲ್ವಿನ್ ಇತ್ತು. ಬೆಳಿಗ್ಗೆ 27 ಡಿಗ್ರಿ, ಅಂದರೆ 300 ಕೆಲ್ವಿನ್ ಆಯಿತು ಎನ್ನೋಣ. ಗಾತ್ರ ಬದಲಾಗಿಲ್ಲ, ಆದ್ದರಿಂದ ಒತ್ತಡವು ಉಷ್ಣತೆಗೆ ಅನುಪಾತದಲ್ಲಿ ಇಳಿಯುತ್ತದೆ: 200 ಗುಣಿಸು 300, ಭಾಗಿಸು 323. ಉತ್ತರ ಸುಮಾರು 186. ಒಂದು ಹನಿಯೂ ಸೋರಿಲ್ಲ! ನಿಜವಾದ ಸೋರಿಕೆ ತಿಳಿಯಬೇಕಾದರೆ ಗಾಡಿ ಓಡಿಸದೆ ಎರಡು ಬೆಳಿಗ್ಗೆ ಒಂದೇ ಹೊತ್ತಿಗೆ ಗೇಜ್ ನೋಡಿ. ಉಷ್ಣತೆ ಹೆಚ್ಚು ಕಡಿಮೆ ಒಂದೇ ಇದ್ದು ಒತ್ತಡ ಇಳಿದಿದ್ದರೆ ಸೋರಿಕೆ ಇದೆ.

ವಿಜ್ಞಾನ ವಿಭಾಗದವರಿಗೆ ಒಂದು ಲೆಕ್ಕ: 60 ಲೀಟರ್ ಸಿಲಿಂಡರಿನಲ್ಲಿ 200 ಬಾರ್, 300 ಕೆಲ್ವಿನ್‌ನಲ್ಲಿ ಎಷ್ಟು ಮೀಥೇನ್ ಹಿಡಿಯುತ್ತದೆ? ಆದರ್ಶ ಅನಿಲ ಸಮೀಕರಣದಿಂದ ಸುಮಾರು 7.7 ಕೆ.ಜಿ. ಬರುತ್ತದೆ. ವಾಸ್ತವದಲ್ಲಿ ಅಷ್ಟೇ ಒತ್ತಡ, ಉಷ್ಣತೆಯಲ್ಲಿ 9 ಕೆ.ಜಿ. ಹತ್ತಿರ ಹಿಡಿಯುತ್ತದೆ. ಕಾರಣವೇನು? ನೈಜ ಅನಿಲಗಳ ಪಾಠ ತೆರೆದು ಉತ್ತರ ಹುಡುಕಿ.

ಒಂದೇ ಇಂಧನ, ಎರಡು ಟ್ಯಾಂಕ್

ಕೆಲವು ದೂರದ ಲಾರಿಗಳಲ್ಲಿ ಎರಡು ಡೀಸೆಲ್ ಟ್ಯಾಂಕ್ ಇರುತ್ತವೆ. ಅಮೆರಿಕದ ಹಳೆಯ ಫೋರ್ಡ್ ಎಫ್-ಸರಣಿಯ ಪಿಕಪ್‌ಗಳಲ್ಲಿ ಎರಡು ಪೆಟ್ರೋಲ್ ಟ್ಯಾಂಕ್ ಇದ್ದು, ಡ್ಯಾಶ್‌ಬೋರ್ಡಿನಲ್ಲಿ ಸ್ವಿಚ್ ಇರುತ್ತಿತ್ತು. ಅಲ್ಲಿನ ಹೆಸರಾಂತ ತೊಂದರೆ ವಿಚಿತ್ರವಾದದ್ದು: ಒಂದು ಟ್ಯಾಂಕಿನಿಂದ ಓಡಿಸುತ್ತಿದ್ದರೆ ಇನ್ನೊಂದು ಟ್ಯಾಂಕ್ ತಾನಾಗಿ ತುಂಬಿ ಉಕ್ಕುತ್ತಿತ್ತು. ಇಂಜೆಕ್ಷನ್ ಗಾಡಿಯಲ್ಲಿ ಪಂಪ್ ಬೇಕಾದುದಕ್ಕಿಂತ ಹೆಚ್ಚು ಇಂಧನ ಕಳಿಸುತ್ತದೆ. ಉಳಿದದ್ದು ಬೇರೊಂದು ಪೈಪಿನಲ್ಲಿ ವಾಪಸ್ ಬರುತ್ತದೆ. ವಾಪಸ್ ಬರುವ ಇಂಧನ ಹೊರಟ ಟ್ಯಾಂಕಿಗೇ ಹೋಗಬೇಕು. ವಾಲ್ವ್ ಕೆಟ್ಟರೆ ಅದು ಪಕ್ಕದ ಟ್ಯಾಂಕಿಗೆ ಹೋಗುತ್ತದೆ. ‘ಇಂಧನ ಎಲ್ಲಿಂದ ಹೊರಟಿತು’ ಎಂದು ಮಾತ್ರ ಕೇಳಿದರೆ ಈ ದೋಷ ಸಿಗುವುದಿಲ್ಲ. ‘ಉಳಿದದ್ದು ಎಲ್ಲಿಗೆ ವಾಪಸ್ ಹೋಯಿತು’ ಎಂದೂ ಕೇಳಬೇಕು.

ಸೋರಿಕೆ: ಇಲ್ಲಿ ಪ್ರಯೋಗ ಬೇಡ

ಇದುವರೆಗೆ ಹೇಳಿದ್ದು ಹಣದ ಮಾತು. ಇನ್ನು ಜೀವದ ಮಾತು.

ಗಾಳಿಯ ಸರಾಸರಿ ಅಣುತೂಕ 29. ಮೀಥೇನ್ 16, ಪ್ರೊಪೇನ್ 44, ಬ್ಯೂಟೇನ್ 58. ಆದ್ದರಿಂದ ಸಿಎನ್‌ಜಿ ಸೋರಿದರೆ ಮೇಲಕ್ಕೇರುತ್ತದೆ. ಬಯಲಿನಲ್ಲಿ ಬೇಗ ಹರಡಿಹೋಗುತ್ತದೆ, ಮುಚ್ಚಿದ ಶೆಡ್‌ನಲ್ಲಿ ಮಾತ್ರ ಮಾಡಿನ ಕೆಳಗೆ ನಿಲ್ಲುತ್ತದೆ. ಎಲ್‌ಪಿಜಿ ಸೋರಿದರೆ ನೀರಿನಂತೆ ತಗ್ಗಿಗೆ ಇಳಿದು ಸೀಟಿನ ಕೆಳಗೆ, ಗ್ಯಾರೇಜಿನ ಗುಂಡಿಯಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ಶೇ. 2ರಷ್ಟು ಎಲ್‌ಪಿಜಿ ಬೆರೆತರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ.

ವಾಸನೆ ಬಂದರೆ: ಕೀ ತಿರುಗಿಸಬೇಡಿ, ಲೈಟ್ ಹಾಕಬೇಡಿ, ಆರಿಸಲೂ ಬೇಡಿ. ಒಳಗಿರುವವರನ್ನೆಲ್ಲ ಇಳಿಸಿ ದೂರ ಕಳಿಸಿ. ಕೈಗೆಟುಕಿದರೆ ಸಿಲಿಂಡರಿನ ವಾಲ್ವ್ ಮುಚ್ಚಿ. ಬಾಗಿಲುಗಳನ್ನು ತೆರೆದಿಡಿ. ಗಾಡಿ ಶೆಡ್ಡಿನಲ್ಲಿದ್ದರೆ ಸ್ಟಾರ್ಟ್ ಮಾಡದೆ ತಳ್ಳಿ ಹೊರಗೆ ತನ್ನಿ. ಸೋರಿಕೆಯ ಜಾಗವನ್ನು ಮೆಕ್ಯಾನಿಕ್ ಸೋಪಿನ ನೀರು ಹಚ್ಚಿ ಗುಳ್ಳೆ ನೋಡಿ ಕಂಡುಹಿಡಿಯುತ್ತಾರೆ. ಬೆಂಕಿಕಡ್ಡಿ ಗೀರಿ ನೋಡುವವರ ಹತ್ತಿರ ಗಾಡಿ ಕೊಡಬೇಡಿ.

ಮನೆಯ ಅಡುಗೆ ಸಿಲಿಂಡರನ್ನು ವ್ಯಾನಿನಲ್ಲಿಟ್ಟು ಓಡಿಸುವುದು, ಅದರಿಂದ ಗಾಡಿಯ ಟ್ಯಾಂಕಿಗೆ ಮೋಟಾರ್ ಹಾಕಿ ಗ್ಯಾಸ್ ತುಂಬುವುದು ಎರಡೂ ಅಪರಾಧ. 2001ರ ಕೇಂದ್ರ ಸರ್ಕಾರದ ಆದೇಶ ಇದನ್ನು ನಿಷೇಧಿಸಿದೆ. ನಿಷೇಧದ ಹಿಂದೆ ವಿಜ್ಞಾನವಿದೆ. ವಾಹನದ ಎಲ್‌ಪಿಜಿ ಟ್ಯಾಂಕ್ ಶೇ. 80 ತುಂಬಿದಾಗ ತಾನಾಗಿ ಮುಚ್ಚಿಕೊಳ್ಳುತ್ತದೆ. ಉಷ್ಣತೆ 30 ಡಿಗ್ರಿ ಏರಿದರೆ ದ್ರವ ಎಲ್‌ಪಿಜಿ ಶೇ. 5ಕ್ಕೂ ಹೆಚ್ಚು ಹಿಗ್ಗುತ್ತದೆ. ಆ ಹಿಗ್ಗಿಗೆ ಖಾಲಿ ಜಾಗ ಬೇಕು. ಅಂದಾಜಿನಲ್ಲಿ ತುಂಬಿದ ಸಿಲಿಂಡರಿನಲ್ಲಿ ಆ ಜಾಗ ಉಳಿಯುವುದಿಲ್ಲ. ದ್ರವವನ್ನು ಅದುಮಲಾಗದು, ಹಿಗ್ಗಲು ಜಾಗವಿಲ್ಲದಿದ್ದರೆ ಉಕ್ಕೇ ಬಿರಿಯಬೇಕು. ಒಂದು ಲೀಟರ್ ದ್ರವ ಹೊರಬಂದರೆ ಸುಮಾರು 250 ಲೀಟರ್ ಗ್ಯಾಸ್ ಆಗುತ್ತದೆ. ಅಡುಗೆ ಸಿಲಿಂಡರಿನ ರೆಗ್ಯುಲೇಟರ್, ರಬ್ಬರ್ ಪೈಪು ಅಡುಗೆಮನೆಯ ಕಟ್ಟೆಗಾಗಿ ಮಾಡಿದವು, ಗುಂಡಿ ಬಿದ್ದ ರಸ್ತೆಯ ಕುಲುಕಾಟಕ್ಕಲ್ಲ. ಕಾಲೇಜಿಗೆ, ಶಾಲೆಗೆ ಬರುವ ಮಕ್ಕಳು ಕೂರುವುದು ಅದೇ ಸೀಟಿನ ಮೇಲೆ ಎಂಬುದನ್ನು ನೆನಪಿಡೋಣ. ಅಂಥ ವ್ಯಾನ್ ಕಂಡರೆ ಮನೆಯಲ್ಲಿ ಹೇಳಿ, ಉಪನ್ಯಾಸಕರಿಗೆ ತಿಳಿಸಿ. ಸಂಕೋಚ ಬೇಡ.

ಈ ವಾರ ಮನೆಯಲ್ಲಿ ಮಾಡಬಹುದಾದದ್ದು

1. ಗಾಡಿಯ ಆರ್‌ಸಿ ತೆಗೆದು ಇಂಧನದ ಜಾಗದಲ್ಲಿ ಪೆಟ್ರೋಲ್ ಜೊತೆ ಸಿಎನ್‌ಜಿ ಅಥವಾ ಎಲ್‌ಪಿಜಿ ಎಂದು ನಮೂದಾಗಿದೆಯೇ ನೋಡಿ. ಆಗಿಲ್ಲದಿದ್ದರೆ ಅಪಘಾತವಾದಾಗ ವಿಮೆಯ ಹಣಕ್ಕೆ ತೊಂದರೆಯಾಗಬಹುದು.

2. ಸಿಎನ್‌ಜಿ ಸಿಲಿಂಡರಿಗೆ 3 ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ ಕಡ್ಡಾಯ. ನೀರು ತುಂಬಿ ಹೆಚ್ಚಿನ ಒತ್ತಡ ಕೊಟ್ಟು ಸಿಲಿಂಡರ್ ಗಟ್ಟಿಯಿದೆಯೇ ಎಂದು ನೋಡುವ ಪರೀಕ್ಷೆ ಇದು. ಕೊನೆಯ ಪರೀಕ್ಷೆಯ ದಿನಾಂಕ ಪತ್ತೆ ಮಾಡಿ ಕ್ಯಾಲೆಂಡರಿನಲ್ಲಿ ಬರೆದಿಡಿ.

3. ಪೆಟ್ರೋಲ್ ಟ್ಯಾಂಕಿನಲ್ಲಿ ಎಷ್ಟಿದೆ, ಎಂದು ತುಂಬಿಸಿದ್ದು ಎಂದು ಕೇಳಿ.

4. ಗಾಡಿಯಲ್ಲಿ ಒಂದು ಚಿಕ್ಕ ನೋಟ್‌ಬುಕ್ ಇಡಿ. ಯಾವ ಇಂಧನದಲ್ಲಿ, ಬಿಸಿಯಿದ್ದಾಗಲೋ ತಣ್ಣಗಿದ್ದಾಗಲೋ, ಲೋಡ್ ಇದ್ದಾಗಲೋ ಇಲ್ಲದಾಗಲೋ ತೊಂದರೆ ಬಂತು ಎಂದು ಒಂದು ಸಾಲು ಬರೆಯಿರಿ.

ಈ ನಾಲ್ಕನೆಯದನ್ನು ಕಡೆಗಣಿಸಬೇಡಿ. ‘ಗಾಡಿ ಸರಿಯಿಲ್ಲ, ನೋಡಿ’ ಎಂದು ಬಿಟ್ಟುಬಂದರೆ ಮೆಕ್ಯಾನಿಕ್ ಊಹೆಯಿಂದ ಆರಂಭಿಸಬೇಕು. ‘ಪೆಟ್ರೋಲ್‌ನಲ್ಲಿ ಸರಿಯಿದೆ, ಗ್ಯಾಸ್‌ನಲ್ಲಿ ಅರ್ಧ ಗಂಟೆ ಓಡಿದ ಮೇಲೆ ಲೋಡ್ ಇದ್ದಾಗ ಮಾತ್ರ ಮುಗ್ಗರಿಸುತ್ತದೆ, ಪ್ಲಗ್ ನೋಡಿ ಆಯಿತು, ನೀರಿನ ಪೈಪು ಎರಡೂ ಬಿಸಿಯಿವೆ’ ಎಂದರೆ ಅರ್ಧ ಕೆಲಸ ಮುಗಿದಂತೆ. ಓದು ಬರಹ ಕಡಿಮೆ ಇರುವ ಹಿರಿಯರ ಪರವಾಗಿ ಆ ಒಂದು ಸಾಲು ಬರೆಯುವುದು ಮನೆಯಲ್ಲಿ ಪಿಯುಸಿ ಓದುತ್ತಿರುವ ಮಗ ಅಥವಾ ಮಗಳಿಂದ ಆಗುವ ಕೆಲಸ.